ಒಳಗೆ ಕೂಡಿಸಿದ್ದು ಹೊರಗೆ ಯಾಕೆ ಸೊನ್ನೆ? ಜಾವಾಸ್ಕ್ರಿಪ್ಟ್ ಸ್ಕೋಪ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ಕಾಲೇಜಿನಲ್ಲಿ ಸ್ವಲ್ಪ ಸಿ ಭಾಷೆ ಓದಿದ್ದೆ. ಈಗ ಮನೆಯಲ್ಲೇ ಜಾವಾಸ್ಕ್ರಿಪ್ಟ್ ಕಲಿಯುತ್ತಿದ್ದೇನೆ. ನಮ್ಮ ದಿನಸಿ ಅಂಗಡಿಗೆ ಒಂದು ಬಿಲ್ ಪುಟ ಮಾಡಲು ಹೊರಟು ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಫಂಕ್ಷನ್ ಒಳಗೆ ಬೆಲೆಗಳನ್ನೆಲ್ಲ ಕೂಡಿಸಿದರೂ ಹೊರಗೆ ಒಟ್ಟು ಸೊನ್ನೆಯೇ ಇರುತ್ತದೆ. ಇಫ್ ಒಳಗೆ ಇಟ್ಟ ರಿಯಾಯಿತಿ ಅದರ ಕೆಳಗೆ 'ನಾಟ್ ಡಿಫೈನ್ಡ್' ಎನ್ನುತ್ತದೆ. ಹೊಸ ಹೆಸರು ಹುಟ್ಟಿಸುವ ಲೆಟ್ ತೆಗೆದು ಅದೇ ಕೆಲಸದ ವಾರ್ ಹಾಕಿದರೆ ದೋಷ ಮಾಯ, ಆದರೆ ಕೆಲವು ಬಿಲ್ಲುಗಳಲ್ಲಿ ಮೊತ್ತದ ಜಾಗದಲ್ಲಿ 'ನ್ಯಾನ್' ಬರುತ್ತದೆ. ಇನ್ನು ಲೂಪ್‌ನಲ್ಲಿ ಮಾಡಿದ ಬಟನ್‌ಗಳಲ್ಲಿ ಯಾವುದನ್ನು ಒತ್ತಿದರೂ ಕೊನೆಯ ಸಾಮಾನೇ ಸೇರುತ್ತದೆ. ಸ್ಕೋಪ್ ಬಗ್ಗೆ ಓದಿದಷ್ಟೂ ಗೊಂದಲ ಜಾಸ್ತಿಯಾಗಿದೆ. ಹಳೆಯ ಕೋಡ್‌ನಲ್ಲಿರುವ ವಾರ್‌ಗಳನ್ನೆಲ್ಲ ಲೆಟ್ ಮಾಡಿಬಿಡಲೇ?

ಉತ್ತರ: ನಿಮ್ಮ ಮೂರೂ ತೊಂದರೆಗಳ ಬೇರು ಒಂದೇ. ಒಂದು ಹೆಸರು ಕೋಡ್‌ನ ಯಾವ ಭಾಗದಲ್ಲಿ ಕಾಣುತ್ತದೆ, ಯಾವ ಭಾಗದಲ್ಲಿ ಕಾಣುವುದಿಲ್ಲ ಎಂಬುದೇ ಸ್ಕೋಪ್. ಅದು ತೀರ್ಮಾನವಾಗುವುದು ನೀವು ಆ ಹೆಸರನ್ನು ಎಲ್ಲಿ ಬರೆದಿದ್ದೀರಿ ಎಂಬುದರ ಮೇಲೆ. ಆ ಕೋಡ್ ಯಾವಾಗ ರನ್ ಆಯಿತು, ಅದನ್ನು ಯಾರು ಕರೆದರು ಎಂಬುದಕ್ಕೂ ಸ್ಕೋಪ್‌ಗೂ ಸಂಬಂಧ ಇಲ್ಲ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ.

ಮೊದಲು ಒಂದು ಸೂಚನೆ. ಕೆಳಗಿನ ಕೋಡ್ ತುಣುಕುಗಳನ್ನು ಓದಲು ಸುಲಭವಾಗಲಿ ಎಂದು ಪೂರ್ತಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಲೆಟ್, ವಾರ್, ಫಂಕ್ಷನ್, ಇಫ್, ಕನ್ಸೋಲ್ ಡಾಟ್ ಲಾಗ್ ಇಂಥವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಆದರೆ ಒಟ್ಟು, ಬೆಲೆ, ಪಟ್ಟಿ ಅಂತ ನೀವೇ ಇಡುವ ವೇರಿಯಬಲ್ (ಸಂಖ್ಯೆಯನ್ನೋ ಪಠ್ಯವನ್ನೋ ಇಟ್ಟುಕೊಳ್ಳುವ ಡಬ್ಬಿ; ಅದರಲ್ಲಿರುವುದನ್ನು ಕೆಳಗೆ ಅದರ 'ಬೆಲೆ' ಎಂದಿದ್ದೇನೆ) ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಯೂನಿಕೋಡ್ ಅಕ್ಷರಗಳನ್ನು ಭಾಷೆಯ ನಿಯಮವೇ ಒಪ್ಪುತ್ತದೆ. ಕಲಿಯುವ ಹೊತ್ತಿನಲ್ಲಿ ಇದರಿಂದ ಒಂದು ಲಾಭವೂ ಇದೆ: ಯಾವುದು ಭಾಷೆಯ ಪದ, ಯಾವುದು ನೀವು ಕೊಟ್ಟ ಹೆಸರು ಎಂಬುದು ಕಣ್ಣಿಗೇ ಬೇರೆಯಾಗಿ ಕಾಣುತ್ತದೆ.

ಈಗ ಮೊದಲ ತೊಂದರೆ. ನಿಮ್ಮ ವಿವರಣೆ ನೋಡಿದರೆ ಕೋಡ್ ಹೆಚ್ಚುಕಡಿಮೆ ಹೀಗಿರಬೇಕು.

```
ಲೆಟ್ ಒಟ್ಟು = 0;

ಫಂಕ್ಷನ್ ಬಿಲ್_ಮಾಡು(ಪಟ್ಟಿ) {
  ಲೆಟ್ ಒಟ್ಟು = 0;
  ಫಾರ್ (ಕಾನ್ಸ್ಟ್ ಸಾಮಾನು ಆಫ್ ಪಟ್ಟಿ) {
    ಒಟ್ಟು = ಒಟ್ಟು + ಸಾಮಾನು.ಬೆಲೆ;
  }
}

ಬಿಲ್_ಮಾಡು(ಇಂದಿನ_ಪಟ್ಟಿ);
ಕನ್ಸೋಲ್.ಲಾಗ್(ಒಟ್ಟು);
```

ಇಲ್ಲಿ 'ಒಟ್ಟು' ಎಂಬ ಹೆಸರಿನ ವೇರಿಯಬಲ್ ಎರಡಿವೆ. ಒಂದು ಹೊರಗೆ, ಇನ್ನೊಂದು ಫಂಕ್ಷನ್ ಒಳಗೆ. ಹೆಸರು ಒಂದೇ ಆದರೂ ಒಂದಕ್ಕೊಂದು ಸಂಬಂಧ ಇಲ್ಲ. ಮನೆಯೊಳಗೆ ನಿಂತು 'ಪುಟ್ಟಾ' ಅಂತ ಕರೆದರೆ ಮನೆಯ ಪುಟ್ಟನೇ ಓಗೊಡುತ್ತಾನೆ. ಬೀದಿಯಲ್ಲಿ ಇನ್ನೊಬ್ಬ ಪುಟ್ಟ ಇದ್ದರೂ ಆ ಕೂಗು ಅವನಿಗಲ್ಲ. ಮನೆಯಲ್ಲಿ ಪುಟ್ಟನೇ ಇಲ್ಲದಿದ್ದರೆ ಮಾತ್ರ ಕೂಗು ಬೀದಿಗೆ ಹೋಗುತ್ತದೆ. ಜಾವಾಸ್ಕ್ರಿಪ್ಟ್ ಹೆಸರು ಹುಡುಕುವುದೂ ಹೀಗೇ. ಮೊದಲು ಈಗ ಇರುವ ಕರ್ಲಿ ಬ್ರಾಕೆಟ್ ಒಳಗೆ ನೋಡುತ್ತದೆ. ಸಿಗದಿದ್ದರೆ ಅದನ್ನು ಸುತ್ತುವರಿದ ಹೊರಗಿನ ಬ್ರಾಕೆಟ್‌ನಲ್ಲಿ ನೋಡುತ್ತದೆ. ಹಾಗೆಯೇ ಹೊರಗೆ, ಇನ್ನೂ ಹೊರಗೆ. ಕೊನೆಗೆ ಎಲ್ಲ ಬ್ರಾಕೆಟ್‌ಗಳ ಆಚೆಗಿನ ಗ್ಲೋಬಲ್ ತನಕ ಹೋಗಿಯೂ ಸಿಗದಿದ್ದರೆ 'ರೆಫರೆನ್ಸ್ ಎರರ್: ಈಸ್ ನಾಟ್ ಡಿಫೈನ್ಡ್'. ಎಲ್ಲಿ ಮೊದಲು ಸಿಕ್ಕಿತೋ ಅಲ್ಲಿಗೆ ಹುಡುಕಾಟ ಮುಗಿಯಿತು. ಈ ದಾರಿ ಒಳಗಿನಿಂದ ಹೊರಗೆ ಮಾತ್ರ. ಹೊರಗೆ ನಿಂತವರಿಗೆ ಒಳಗಿನದು ಕಾಣುವುದಿಲ್ಲ.

ಒಳಗಿನ ಹೆಸರು ಹೊರಗಿನದನ್ನು ಹೀಗೆ ಮುಚ್ಚಿಹಾಕುವುದನ್ನು ಶ್ಯಾಡೋಯಿಂಗ್ ಅಂತಾರೆ. ನಿಮ್ಮ ಲೂಪ್ ಕೂಡಿಸಿದ್ದು ಒಳಗಿನ ಒಟ್ಟಿಗೆ. ಹೊರಗಿನದನ್ನು ಯಾರೂ ಮುಟ್ಟಲೇ ಇಲ್ಲ. ಅದಕ್ಕೇ ಸೊನ್ನೆ.

ಒಳಗಿನ 'ಲೆಟ್ ಒಟ್ಟು' ಸಾಲನ್ನು ಅಳಿಸಿಬಿಟ್ಟರೆ ಸರಿಹೋಗುತ್ತದಲ್ವಾ ಅಂತ ನಿಮಗೆ ಅನಿಸಬಹುದು. ಮೊದಲ ಬಿಲ್ ಸರಿಯಾಗಿಯೇ ಬರುತ್ತದೆ. ಎರಡನೇ ಗಿರಾಕಿಯ ಬಿಲ್ ಮಾಡಿದಾಗ ಮೊದಲನೆಯವರ ಮೊತ್ತವೂ ಅದರಲ್ಲಿ ಸೇರಿಕೊಂಡಿರುತ್ತದೆ. ಹೊರಗಿನ ಒಟ್ಟು ಹಳೆಯ ಬೆಲೆಯನ್ನು ಇಟ್ಟುಕೊಂಡೇ ಕೂತಿರುತ್ತದೆ ತಾನೇ? ಆದ್ದರಿಂದ ಒಳಗಿನ ಲೆಟ್ ಇರಲಿ. ಫಂಕ್ಷನ್ ಮುಗಿಯುವ ಮುಂಚೆ 'ರಿಟರ್ನ್ ಒಟ್ಟು' ಎಂದು ಸೇರಿಸಿ. ಹೊರಗೆ ಹೀಗೆ ಬರೆಯಿರಿ.

```
ಕಾನ್ಸ್ಟ್ ಬಿಲ್_ಮೊತ್ತ = ಬಿಲ್_ಮಾಡು(ಇಂದಿನ_ಪಟ್ಟಿ);
ಕನ್ಸೋಲ್.ಲಾಗ್(ಬಿಲ್_ಮೊತ್ತ);
```

ಫಂಕ್ಷನ್‌ಗೆ ಬೇಕಾದ್ದು ಪ್ಯಾರಾಮೀಟರ್ ಮೂಲಕ ಒಳಗೆ ಹೋಗಲಿ. ಉತ್ತರ ರಿಟರ್ನ್ ಮೂಲಕ ಹೊರಗೆ ಬರಲಿ. ಈ ಅಭ್ಯಾಸ ಒಂದು ಕೂತರೆ ಸ್ಕೋಪ್ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ಹೊಸಬರ ಕೋಡ್ ನೋಡುವಾಗ ನಾನು ಮೊದಲು ಹುಡುಕುವುದು ಇದನ್ನೇ: ಫಂಕ್ಷನ್ ಹೊರಗಿನ ವೇರಿಯಬಲ್‌ಗೆ ಕೈಹಾಕುತ್ತಿದೆಯೋ, ಇಲ್ಲ ಉತ್ತರವನ್ನು ವಾಪಸ್ ಕೊಡುತ್ತಿದೆಯೋ.

'ಎಲ್ಲಿ ಬರೆದಿದ್ದೀರಿ ಎಂಬುದೇ ಮುಖ್ಯ' ಎಂದೆನಲ್ಲ, ಅದನ್ನು ನೀವೇ ಪರೀಕ್ಷಿಸಲು ಈ ಪುಟ್ಟ ತುಣುಕನ್ನು ರನ್ ಮಾಡಿ. ರನ್ ಮಾಡುವ ಮೊದಲು ಉತ್ತರ ಊಹಿಸಿ.

```
ಲೆಟ್ ದರ = 40;

ಫಂಕ್ಷನ್ ತೋರಿಸು() {
  ಕನ್ಸೋಲ್.ಲಾಗ್(ದರ);
}

ಫಂಕ್ಷನ್ ಸಂತೆ() {
  ಲೆಟ್ ದರ = 25;
  ತೋರಿಸು();
}

ಸಂತೆ();
```

ಬರುವುದು 40. ತೋರಿಸು ಫಂಕ್ಷನ್ನನ್ನು ಸಂತೆಯ ಒಳಗಿನಿಂದ ಕರೆದಿದ್ದೇವೆ, ನಿಜ. ಆದರೆ ಅದನ್ನು ಬರೆದಿರುವುದು ಸಂತೆಯ ಹೊರಗೆ. ಅದರ ಸುತ್ತ ಇರುವುದು ಹೊರಗಿನ 40ರ ದರ ಮಾತ್ರ. ಇದಕ್ಕೆ ಲೆಕ್ಸಿಕಲ್ ಸ್ಕೋಪ್ ಎಂದು ಹೆಸರು. ಎಲ್ಲ ಭಾಷೆಗಳೂ ಹೀಗೆಯೇ ಇರುವುದಿಲ್ಲ. ಲಿನಕ್ಸ್ ಬಳಸುವವರಿಗೆ ಗೊತ್ತಿರುವ ಬ್ಯಾಶ್‌ನಲ್ಲಿ ಸಂತೆಯೊಳಗೆ ದರವನ್ನು ಲೋಕಲ್ ಎಂದು ಘೋಷಿಸಿ ತೋರಿಸು ಕರೆದರೆ 25 ಬರುತ್ತದೆ. ಅಲ್ಲಿ ಕರೆದವರು ಯಾರು ಎಂಬುದು ಲೆಕ್ಕಕ್ಕೆ ಬರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಆ ತಲೆನೋವು ಇಲ್ಲ. ಕೋಡನ್ನು ರನ್ ಮಾಡದೆ, ಸುಮ್ನೆ ಓದಿಯೇ ಯಾವ ಹೆಸರು ಯಾವುದಕ್ಕೆ ಸೇರಿದ್ದು ಎಂದು ಹೇಳಬಹುದು. ಇದು ಈ ಭಾಷೆಯ ದೊಡ್ಡ ಉಪಕಾರ.

ಎರಡನೇ ತೊಂದರೆಗೆ ಬರೋಣ.

```
ಇಫ್ (ಮೊತ್ತ > 1000) {
  ಲೆಟ್ ರಿಯಾಯಿತಿ = 50;
}
ಕೊಡಬೇಕಾದ್ದು = ಮೊತ್ತ - ರಿಯಾಯಿತಿ;
```

ಲೆಟ್ ಮತ್ತು ಕಾನ್ಸ್ಟ್ (ಮತ್ತೆ ಬೇರೆ ಬೆಲೆ ಕೊಡಲಾಗದ ಹೆಸರು ಹುಟ್ಟಿಸುವುದು) ಎರಡೂ ತಮ್ಮನ್ನು ಸುತ್ತುವರಿದ ಕರ್ಲಿ ಬ್ರಾಕೆಟ್‌ನೊಳಗೆ ಮಾತ್ರ ಕಾಣುತ್ತವೆ. ಇಫ್‌ನ ಬ್ರಾಕೆಟ್ ಮುಚ್ಚಿದ ಮೇಲೆ ರಿಯಾಯಿತಿ ಎಂಬ ಹೆಸರೇ ಇಲ್ಲ. ನೀವು ಸಿ ಓದಿದವರು. ಅಲ್ಲೂ ಬ್ಲಾಕ್ ಒಳಗೆ, ಅಂದರೆ ಕರ್ಲಿ ಬ್ರಾಕೆಟ್ ಒಳಗೆ, ಡಿಕ್ಲೇರ್ ಮಾಡಿದ್ದು ಹೊರಗೆ ಕಾಣುವುದಿಲ್ಲ. ಹಾಗಾಗಿ ಲೆಟ್ ನಿಮಗೆ ಪರಿಚಿತವಾಗಿಯೇ ನಡೆದುಕೊಳ್ಳುತ್ತದೆ. ವಿಚಿತ್ರ ಎಂದರೆ ವಾರ್.

ವಾರ್‌ಗೆ ಇಫ್, ಫಾರ್‌ಗಳ ಬ್ರಾಕೆಟ್ ಲೆಕ್ಕಕ್ಕೇ ಇಲ್ಲ. ಅದು ಗುರುತಿಸುವುದು ಫಂಕ್ಷನ್‌ನ ಗಡಿಯನ್ನು ಮಾತ್ರ. ನೀವು ಇಫ್ ಒಳಗೆ 'ವಾರ್ ರಿಯಾಯಿತಿ' ಎಂದು ಬರೆದರೆ ಆ ಹೆಸರು ಫಂಕ್ಷನ್ ಶುರುವಾದಾಗಲೇ ಹುಟ್ಟಿರುತ್ತದೆ, 'ಅನ್‌ಡಿಫೈನ್ಡ್' (ಇನ್ನೂ ಏನೂ ಕೊಟ್ಟಿಲ್ಲ) ಎಂಬ ಬೆಲೆಯೊಂದಿಗೆ. ಇಫ್‌ನ ಷರತ್ತು ನಿಜವಾದರೆ ಅದಕ್ಕೆ 50 ಬರುತ್ತದೆ. ಮೊತ್ತ 800 ಇದ್ದರೆ ಇಫ್ ಒಳಗೆ ಹೋಗುವುದೇ ಇಲ್ಲ. ಆಗ ನಿಮ್ಮ ಲೆಕ್ಕ 800 ಮೈನಸ್ ಅನ್‌ಡಿಫೈನ್ಡ್ ಆಗುತ್ತದೆ. ಅದರ ಉತ್ತರ 'ನ್ಯಾನ್', ಅಂದರೆ ಸಂಖ್ಯೆಯಲ್ಲದ್ದು. ಕೆಲವು ಬಿಲ್ಲುಗಳಲ್ಲಿ ಮಾತ್ರ ಅದು ಕಾಣುವುದು ಇದಕ್ಕೇ. ಸಾವಿರ ದಾಟದ ಬಿಲ್ಲುಗಳನ್ನು ನೋಡಿ, ಅವೇ ಇರುತ್ತವೆ.

ಲೆಟ್ ಕೊಟ್ಟ ಕೆಂಪು ದೋಷ ನಿಮಗೆ ಸಹಾಯವನ್ನೇ ಮಾಡುತ್ತಿತ್ತು. 'ಷರತ್ತು ಸುಳ್ಳಾದರೆ ರಿಯಾಯಿತಿ ಎಷ್ಟು ಎಂದು ಹೇಳಿಲ್ಲ' ಎಂದು ಅದು ತೋರಿಸುತ್ತಿತ್ತು. ವಾರ್ ಹಾಕಿದಾಗ ದೋಷ ಹೋಗಲಿಲ್ಲ, ಗಿರಾಕಿಯ ಬಿಲ್ಲಿಗೆ ವರ್ಗವಾಯಿತು ಅಷ್ಟೆ. ಸರಿಯಾದ ದಾರಿ ಹೀಗೆ.

```
ಲೆಟ್ ರಿಯಾಯಿತಿ = 0;
ಇಫ್ (ಮೊತ್ತ > 1000) {
  ರಿಯಾಯಿತಿ = 50;
}
```

ಡಿಕ್ಲೇರ್ ಮಾಡುವುದು ಇಫ್‌ನ ಹೊರಗೆ, ಬೆಲೆ ಬದಲಿಸುವುದು ಒಳಗೆ. ಒಳಗಿನ ಸಾಲಿನಲ್ಲಿ ಲೆಟ್ ಇಲ್ಲ ಎಂಬುದನ್ನು ಗಮನಿಸಿ. ಅಭ್ಯಾಸಬಲದಿಂದ ಅಲ್ಲೂ ಲೆಟ್ ಬರೆದರೆ ಮತ್ತೆ ಹೊಸ ವೇರಿಯಬಲ್ ಹುಟ್ಟಿ ನಿಮ್ಮ ಮೊದಲ ತೊಂದರೆಯೇ ಮರಳಿ ಬರುತ್ತದೆ. 'ಲೆಟ್' ಎಂದರೆ ಹೊಸದನ್ನು ಹುಟ್ಟಿಸು. ಬರೀ ಹೆಸರು ಬರೆದರೆ ಇರುವುದನ್ನು ಬಳಸು.

ವಾರ್ ಹೀಗೇಕಿದೆ ಎಂದು ತಿಳಿದರೆ ಅದರ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು 10 ದಿನಗಳಲ್ಲಿ ಕಟ್ಟಿದರು. ಆ ಅವಸರದಲ್ಲಿ ಬ್ಲಾಕ್ ಸ್ಕೋಪ್‌ಗೆ ಸಮಯ ಇರಲಿಲ್ಲ ಎಂದು ಅವರೇ ಆಮೇಲೆ ಹೇಳಿದ್ದಾರೆ. ಆಗಿನ ಪುಟಗಳಲ್ಲಿ ಸ್ಕ್ರಿಪ್ಟ್ ಎಂದರೆ ಕೆಲವೇ ಸಾಲು, ಅಷ್ಟಕ್ಕೆ ಫಂಕ್ಷನ್ ಸ್ಕೋಪ್ ಸಾಕಾಗಿತ್ತು. ಆಮೇಲೆ ವೆಬ್ ಬೆಳೆಯಿತು. ವಾರ್‌ನ ನಡತೆಯನ್ನು ಬದಲಿಸಿದರೆ ಅದನ್ನು ನಂಬಿಕೊಂಡ ಹಳೆಯ ಪುಟಗಳು ಮುರಿಯುತ್ತವೆ. ಹಾಗಾಗಿ ವಾರ್ ಇದ್ದ ಹಾಗೇ ಉಳಿಯಿತು. 2015ರ ಜೂನ್‌ನಲ್ಲಿ ಬಂದ ಆವೃತ್ತಿಯಲ್ಲಿ, ಅಂದರೆ ಇಎಸ್6 ಎಂದು ಎಲ್ಲರೂ ಕರೆಯುವುದರಲ್ಲಿ, ಲೆಟ್ ಮತ್ತು ಕಾನ್ಸ್ಟ್ ಹೊಸದಾಗಿ ಸೇರಿದವು. ನೀವು ಓದಿದಷ್ಟೂ ಗೊಂದಲವಾಗಲು ಇದೂ ಒಂದು ಕಾರಣ. 2015ಕ್ಕೆ ಮುಂಚಿನ ಪಾಠಗಳು ಇನ್ನೂ ಹುಡುಕಾಟದಲ್ಲಿ ಸಿಗುತ್ತವೆ. ಅವುಗಳಲ್ಲಿ ವಾರ್ ಬಿಟ್ಟರೆ ಬೇರೆ ಇಲ್ಲ.

ನಿಮ್ಮ ಮೂರನೇ ತೊಂದರೆ, ಬಟನ್‌ಗಳದ್ದು, ವಾರ್‌ನ ಈ ಸ್ವಭಾವ ಅತಿ ಹೆಚ್ಚು ಕಾಡುವ ಜಾಗ. ಇದನ್ನು ನಿಧಾನವಾಗಿ ನೋಡಬೇಕು.

```
ಫಾರ್ (ವಾರ್ ಐ = 0; ಐ < ಪಟ್ಟಿ.ಲೆಂಗ್ತ್; ಐ++) {
  ವಾರ್ ಸಾಮಾನು = ಪಟ್ಟಿ[ಐ];
  ಬಟನ್‌ಗಳು[ಐ].ಆನ್‌ಕ್ಲಿಕ್ = ಫಂಕ್ಷನ್ () {
    ಬಿಲ್ಲಿಗೆ_ಸೇರಿಸು(ಸಾಮಾನು);
  };
}
```

ಲೂಪ್ ಪ್ರತಿ ಸುತ್ತಿಗೂ ಹೊಸ 'ಸಾಮಾನು' ಹುಟ್ಟಿಸುತ್ತದೆ ಎಂದು ನಮಗೆ ಅನಿಸುತ್ತದೆ. ವಾರ್ ಹಾಗೆ ಮಾಡುವುದಿಲ್ಲ. ಇಡೀ ಫಂಕ್ಷನ್‌ಗೆ ಸಾಮಾನು ಎಂಬುದು ಒಂದೇ ಒಂದು. ಮೊದಲ ಸುತ್ತಿನಲ್ಲಿ ಅದರಲ್ಲಿ ಅಕ್ಕಿ, ಎರಡನೆಯದರಲ್ಲಿ ಬೇಳೆ, ಮೂರನೆಯದರಲ್ಲಿ ಬೆಲ್ಲ. ಪ್ರತಿ ಸಲವೂ ಹಳೆಯದನ್ನು ಅಳಿಸಿ ಹೊಸದು ಕೂರುತ್ತದೆ. ಬಟನ್‌ಗೆ ಕೊಟ್ಟ ಫಂಕ್ಷನ್ ಆಗಲೇ ರನ್ ಆಗುವುದಿಲ್ಲ, ಯಾರಾದರೂ ಒತ್ತುವವರೆಗೆ ಕಾಯುತ್ತದೆ. ಗಿರಾಕಿ ಬಂದು ಒತ್ತುವ ಹೊತ್ತಿಗೆ ಲೂಪ್ ಮುಗಿದು ಎಷ್ಟೋ ಹೊತ್ತಾಗಿದೆ. ಫಂಕ್ಷನ್ 'ಸಾಮಾನು' ಎಂದು ಹುಡುಕುತ್ತದೆ, ಹೊರಗಿನ ಆ ಒಂದೇ ವೇರಿಯಬಲ್ ಸಿಗುತ್ತದೆ, ಅದರಲ್ಲಿ ಬೆಲ್ಲ ಇದೆ. ಎಲ್ಲ ಬಟನ್‌ಗಳಿಗೂ ಬೆಲ್ಲವೇ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಳಗಿನ ಫಂಕ್ಷನ್ ಹೊರಗಿನ ವೇರಿಯಬಲ್‌ನ ಆ ಕ್ಷಣದ ಬೆಲೆಯನ್ನು ನಕಲು ಮಾಡಿ ಇಟ್ಟುಕೊಳ್ಳುವುದಿಲ್ಲ. ಅದು ವೇರಿಯಬಲ್ಲನ್ನೇ ಹಿಡಿದುಕೊಂಡಿರುತ್ತದೆ. ರನ್ ಆದಾಗ ಅದರಲ್ಲಿ ಏನಿದೆಯೋ ಅದನ್ನೇ ಓದುತ್ತದೆ.

ವಾರ್ ಸಾಮಾನು ಎಂಬುದನ್ನು 'ಕಾನ್ಸ್ಟ್ ಸಾಮಾನು' ಮಾಡಿ. ತೊಂದರೆ ಅಲ್ಲಿಗೇ ಮುಗಿಯಿತು. ಕಾನ್ಸ್ಟ್ ಬ್ಲಾಕ್‌ಗೆ ಸೇರಿದ್ದು. ಪ್ರತಿ ಸುತ್ತಿಗೂ ಬ್ಲಾಕ್ ಹೊಸದು, ಆದ್ದರಿಂದ ವೇರಿಯಬಲ್ಲೂ ಹೊಸದು. ಮೊದಲ ಬಟನ್ ಹಿಡಿದಿರುವುದು ಅಕ್ಕಿಯಿರುವ ಸಾಮಾನನ್ನು, ಎರಡನೆಯದು ಬೇಳೆಯಿರುವುದನ್ನು. ಹಾಗೆಯೇ 'ವಾರ್ ಐ' ಬದಲು 'ಲೆಟ್ ಐ' ಬರೆಯಿರಿ. ಫಾರ್‌ನ ತಲೆಯಲ್ಲಿ ಲೆಟ್ ಬಳಸಿದರೆ ಪ್ರತಿ ಸುತ್ತಿಗೂ ಬೇರೆ ಐ ಸಿಗುವಂತೆ ಭಾಷೆಯ ನಿಯಮದಲ್ಲೇ ಬರೆದಿದ್ದಾರೆ. ಈ ಬಟನ್ ತೊಂದರೆ ಅಷ್ಟು ಜನರನ್ನು ಕಾಡಿತ್ತು. 2015ಕ್ಕೆ ಮುಂಚೆ ಇದಕ್ಕೆ ಪರಿಹಾರವಾಗಿ ಲೂಪ್ ಒಳಗೆ ಇನ್ನೊಂದು ಫಂಕ್ಷನ್ ಬರೆದು ಅಲ್ಲೇ ಕರೆಯುತ್ತಿದ್ದರು. ಹಳೆಯ ಕೋಡ್‌ನಲ್ಲಿ ಫಂಕ್ಷನ್‌ಗೆ ಸುತ್ತ ಬ್ರಾಕೆಟ್ ಹಾಕಿ, ಕೊನೆಯಲ್ಲಿ ಇನ್ನೊಂದು ಜೋಡಿ ಬ್ರಾಕೆಟ್ ಇಟ್ಟಿರುವುದು ಕಂಡರೆ ಗಾಬರಿಯಾಗಬೇಡಿ. ಅದು ಹೊಸ ಸ್ಕೋಪ್ ಮಾಡಿಕೊಳ್ಳಲು ಆಗ ಇದ್ದ ದಾರಿ.

ಒಳಗಿನ ಫಂಕ್ಷನ್ ಹೀಗೆ ಹೊರಗಿನ ವೇರಿಯಬಲ್ಲನ್ನು ಹಿಡಿದುಕೊಳ್ಳುವುದಕ್ಕೆ ಕ್ಲೋಷರ್ ಎಂದು ಹೆಸರು. ಹೊಸಬರು ಈ ಹೆಸರಿಗೇ ಹೆದರುತ್ತಾರೆ. ನಿಜ ಹೇಳಬೇಕೆಂದರೆ ಇದು ಬೇರೆ ಪಾಠವೇ ಅಲ್ಲ, ಲೆಕ್ಸಿಕಲ್ ಸ್ಕೋಪ್‌ನ ಮುಂದುವರಿಕೆ. ನಿಮ್ಮ ಬಿಲ್ ಪುಟದಲ್ಲೇ ಇದರ ಒಳ್ಳೆಯ ಉಪಯೋಗ ಇದೆ. ಬಿಲ್ ನಂಬರ್ 1, 2, 3 ಎಂದು ಏರಬೇಕು, ಬೇರೆ ಯಾವ ಕೋಡೂ ಅದನ್ನು ಅಪ್ಪಿತಪ್ಪಿ ಬದಲಿಸಬಾರದು.

```
ಫಂಕ್ಷನ್ ನಂಬರ್_ಶುರು() {
  ಲೆಟ್ ನಂಬರ್ = 0;
  ರಿಟರ್ನ್ ಫಂಕ್ಷನ್ () {
    ನಂಬರ್ = ನಂಬರ್ + 1;
    ರಿಟರ್ನ್ ನಂಬರ್;
  };
}

ಕಾನ್ಸ್ಟ್ ಮುಂದಿನ_ಬಿಲ್ = ನಂಬರ್_ಶುರು();
```

ಇನ್ನು ಮುಂದಿನ_ಬಿಲ್ ಅನ್ನು ಕರೆದಾಗಲೆಲ್ಲ 1, 2, 3 ಬರುತ್ತದೆ. ನಂಬರ್_ಶುರು ಯಾವಾಗಲೋ ಮುಗಿದಿದೆ. ಆದರೂ ಅದರೊಳಗಿನ ನಂಬರ್ ಅಳಿದಿಲ್ಲ, ಏಕೆಂದರೆ ಒಳಗಿನ ಫಂಕ್ಷನ್‌ಗೆ ಅದು ಇನ್ನೂ ಬೇಕು. ಹೊರಗಿನಿಂದ 'ನಂಬರ್ = 500' ಎಂದು ಬರೆದರೂ ಈ ನಂಬರಿಗೆ ಏನೂ ಆಗುವುದಿಲ್ಲ. ಹೊರಗಿನವರಿಗೆ ಅದು ಕಾಣುವುದೇ ಇಲ್ಲವಲ್ಲ.

ಈಗ ಗ್ಲೋಬಲ್ ಬಗ್ಗೆ ಒಂದಿಷ್ಟು. ಯಾವ ಫಂಕ್ಷನ್, ಯಾವ ಬ್ಲಾಕ್ ಒಳಗೂ ಇಲ್ಲದೆ ಬರೆದದ್ದು ಗ್ಲೋಬಲ್. ಸಾಧಾರಣ ಸ್ಕ್ರಿಪ್ಟ್ ಟ್ಯಾಗ್ ಬಳಸಿದರೆ ಒಂದೇ ಪುಟದ ಎಲ್ಲ ಸ್ಕ್ರಿಪ್ಟ್ ಫೈಲ್‌ಗಳಿಗೂ ಗ್ಲೋಬಲ್ ಒಂದೇ. ನಿಮ್ಮ ಫೈಲ್‌ನ ಒಟ್ಟು, ಇನ್ನೊಬ್ಬರ ಫೈಲ್‌ನ ಒಟ್ಟು, ಎರಡೂ ಅಲ್ಲೇ ಬಂದು ಬೀಳುತ್ತವೆ. ಎರಡೂ ಕಡೆ ವಾರ್ ಇದ್ದರೆ ಒಂದು ಇನ್ನೊಂದರ ಬೆಲೆಯನ್ನು ಸದ್ದಿಲ್ಲದೆ ಅಳಿಸುತ್ತದೆ. ಎರಡೂ ಕಡೆ ಲೆಟ್ ಇದ್ದರೆ 'ಆಲ್ರೆಡಿ ಬೀನ್ ಡಿಕ್ಲೇರ್ಡ್' ಎಂಬ ದೋಷ ಬಂದು ಎರಡನೇ ಫೈಲ್ ರನ್ನೇ ಆಗುವುದಿಲ್ಲ. ಹೆಸರಾಂತ ಲೈಬ್ರರಿಗಳಿಗೂ (ಬೇರೆಯವರು ಬಳಸಲೆಂದು ಬರೆದಿಟ್ಟ ಸಿದ್ಧ ಕೋಡ್) ಇದು ತಪ್ಪಿರಲಿಲ್ಲ. 2006ರಲ್ಲಿ ಬಂದ ಜೆಕ್ವೆರಿ ಡಾಲರ್ ಚಿಹ್ನೆಯನ್ನೇ ತನ್ನ ಗ್ಲೋಬಲ್ ಹೆಸರಾಗಿ ಬಳಸಿತು. ಪ್ರೋಟೋಟೈಪ್ ಎಂಬ ಇನ್ನೊಂದು ಲೈಬ್ರರಿಯೂ ಅದೇ ಚಿಹ್ನೆ ಬಳಸುತ್ತಿತ್ತು. ಎರಡನ್ನೂ ಒಂದೇ ಪುಟದಲ್ಲಿ ಹಾಕುವವರಿಗಾಗಿ ಜೆಕ್ವೆರಿಯಲ್ಲಿ 'ನೋ ಕಾನ್‌ಫ್ಲಿಕ್ಟ್' ಎಂಬ ಫಂಕ್ಷನ್ನನ್ನೇ ಇಡಬೇಕಾಯಿತು.

ಬ್ರೌಸರ್‌ನಲ್ಲಿ ಗ್ಲೋಬಲ್ ವಾರ್‌ಗೆ ಇನ್ನೊಂದು ಗುಣ ಇದೆ. ಅದು ವಿಂಡೋ ಎಂಬ ಆಬ್ಜೆಕ್ಟ್‌ಗೆ ಅಂಟಿಕೊಳ್ಳುತ್ತದೆ. ವಿಂಡೋದಲ್ಲಿ ಮೊದಲೇ ಕೆಲವು ಹೆಸರುಗಳಿವೆ, ಅದರಲ್ಲಿ 'ನೇಮ್' ಒಂದು. ನೀವು ಮೇಲ್ಮಟ್ಟದಲ್ಲಿ 'ವಾರ್ ನೇಮ್ = 5' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅದಕ್ಕೆ 1 ಕೂಡಿಸಿ ನೋಡಿ. 6 ಬರುವುದಿಲ್ಲ, 51 ಬರುತ್ತದೆ. ವಿಂಡೋದ ನೇಮ್ ಏನು ಕೊಟ್ಟರೂ ಅದನ್ನು ಪಠ್ಯವನ್ನಾಗಿ ಮಾಡಿಕೊಳ್ಳುತ್ತದೆ. ಗಿರಾಕಿಯ ಹೆಸರಿಗೆ ನೇಮ್ ಎಂದೇ ಇಡುವುದು ಎಲ್ಲರ ಮೊದಲ ಯೋಚನೆ, ಅದಕ್ಕೇ ಹೇಳಿದೆ. 'ಗಿರಾಕಿ_ಹೆಸರು' ಎಂದಿಟ್ಟರೆ ಈ ಗೋಜು ಇಲ್ಲ.

ಇವೆಲ್ಲಕ್ಕಿಂತ ಅಪಾಯದ್ದು ಲೆಟ್, ವಾರ್, ಕಾನ್ಸ್ಟ್ ಯಾವುದೂ ಇಲ್ಲದೆ ಹುಟ್ಟುವ ಗ್ಲೋಬಲ್. ಫಂಕ್ಷನ್ ಒಳಗೆ 'ಒಟ್ಟು' ಬರೆಯಲು ಹೋಗಿ ಬೆರಳು ತಪ್ಪಿ 'ಒಟು = 10' ಎಂದಿರಿ ಅಂದುಕೊಳ್ಳಿ. ಒಟು ಎಲ್ಲೂ ಇಲ್ಲ. ಆದರೆ ಜಾವಾಸ್ಕ್ರಿಪ್ಟ್ ದೂರು ಹೇಳದೆ ಆ ಹೆಸರಿನ ಗ್ಲೋಬಲ್ ಒಂದನ್ನು ಹುಟ್ಟಿಸಿಬಿಡುತ್ತದೆ. ಒಟ್ಟು ಬದಲಾಗಿಲ್ಲ, ದೋಷವೂ ಇಲ್ಲ. ಹುಡುಕಲು ಅರ್ಧ ದಿನ ಹೋಗುತ್ತದೆ. ಇದನ್ನು ತಡೆಯಲೆಂದೇ 2009ರ ಆವೃತ್ತಿಯಲ್ಲಿ ಸ್ಟ್ರಿಕ್ಟ್ ಮೋಡ್ ತಂದರು. ಫೈಲ್‌ನ ಮೊದಲ ಸಾಲಿನಲ್ಲಿ ಉದ್ಧರಣ ಚಿಹ್ನೆಯೊಳಗೆ 'ಯೂಸ್ ಸ್ಟ್ರಿಕ್ಟ್' ಎಂದು ಬರೆದರೆ ಇಂಥ ಕಡೆ ತಕ್ಷಣ ದೋಷ ಬರುತ್ತದೆ. ಇನ್ನೂ ಒಳ್ಳೆಯದು ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಟೈಪ್ ಎಂಬುದಕ್ಕೆ 'ಮಾಡ್ಯೂಲ್' ಎಂದು ಕೊಡುವುದು. ಆಗ ಸ್ಟ್ರಿಕ್ಟ್ ಮೋಡ್ ತಾನಾಗಿಯೇ ಬರುತ್ತದೆ, ಪ್ರತಿ ಫೈಲ್‌ಗೂ ಅದರದ್ದೇ ಸ್ಕೋಪ್ ಇರುತ್ತದೆ, ಒಟ್ಟುಗಳು ಜಗಳವಾಡುವುದಿಲ್ಲ. ಒಂದು ಎಚ್ಚರ: ಎಚ್‌ಟಿಎಂಎಲ್‌ನಲ್ಲೇ ಬಟನ್ ಟ್ಯಾಗ್ ಒಳಗೆ ಆನ್‌ಕ್ಲಿಕ್ ಬರೆದಿದ್ದರೆ ಮಾಡ್ಯೂಲ್ ಮಾಡಿದ ಮೇಲೆ ಅದಕ್ಕೆ ನಿಮ್ಮ ಫಂಕ್ಷನ್ ಕಾಣುವುದಿಲ್ಲ. ಫಂಕ್ಷನ್ ಈಗ ಗ್ಲೋಬಲ್ ಅಲ್ಲವಲ್ಲ. ಆಗ 'ಆ್ಯಡ್ ಇವೆಂಟ್ ಲಿಸನರ್' ಮೂಲಕ ಜೋಡಿಸಿ.

ಇನ್ನೊಂದು ದೋಷ ನಿಮಗೆ ಬೇಗನೇ ಎದುರಾಗುತ್ತದೆ: 'ಕೆನಾಟ್ ಆ್ಯಕ್ಸೆಸ್ ಬಿಫೋರ್ ಇನಿಷಿಯಲೈಸೇಷನ್'. ಇದೂ ನಾಟ್ ಡಿಫೈನ್ಡೂ ಒಂದೇ ಅಲ್ಲ. ನಾಟ್ ಡಿಫೈನ್ಡ್ ಎಂದರೆ ಆ ಹೆಸರು ಎಲ್ಲೂ ಸಿಗಲಿಲ್ಲ. ಇದರಲ್ಲಿ ಹೆಸರು ಸಿಕ್ಕಿದೆ, ಆದರೆ ಲೆಟ್ ಸಾಲು ಇನ್ನೂ ಬಂದಿಲ್ಲ. ಹೊರಗೆ ದರ 40 ಇದೆ, ಫಂಕ್ಷನ್‌ನ ಮೊದಲ ಸಾಲಿನಲ್ಲಿ ದರ ಓದುತ್ತೀರಿ, ಎರಡನೇ ಸಾಲಿನಲ್ಲಿ 'ಲೆಟ್ ದರ = 25' ಇದೆ. 40 ಬರಬಹುದು ಎಂದುಕೊಂಡರೆ ದೋಷ ಬರುತ್ತದೆ. ಏಕೆಂದರೆ ಆ ಬ್ಲಾಕ್‌ನಲ್ಲಿ ಎಲ್ಲೇ ಲೆಟ್ ದರ ಇದ್ದರೂ ಬ್ಲಾಕ್‌ನ ತಲೆಯಿಂದಲೇ ಆ ಹೆಸರು ಒಳಗಿನದು. ಹೊರಗಿನ ದರ ಆಗಲೇ ಮುಚ್ಚಿಹೋಗಿದೆ. ಲೆಟ್ ಸಾಲು ದಾಟುವ ತನಕ ಒಳಗಿನದನ್ನು ಮುಟ್ಟುವಂತಿಲ್ಲ. ವಾರ್ ಆಗಿದ್ದರೆ ಸದ್ದಿಲ್ಲದೆ ಅನ್‌ಡಿಫೈನ್ಡ್ ಕೊಡುತ್ತಿತ್ತು.

ಸ್ಕೋಪ್ ತೊಂದರೆಯಂತೆ ಕಂಡರೂ ಸ್ಕೋಪ್‌ಗೆ ಸೇರದ ಒಂದು ತೊಂದರೆಯನ್ನೂ ಹೇಳಲೇಬೇಕು. ನಾಳೆ ನೀವು ಬೆಲೆಗಳನ್ನು ಸರ್ವರ್‌ನಿಂದ ಫೆಚ್ ಮೂಲಕ ತರಿಸುತ್ತೀರಿ. ಹೊರಗೆ 'ಲೆಟ್ ದರಪಟ್ಟಿ' ಎಂದಿಟ್ಟು, ಉತ್ತರ ಬಂದ ಮೇಲೆ ರನ್ ಆಗುವ ದೆನ್ ಒಳಗಿನ ಫಂಕ್ಷನ್‌ನಲ್ಲಿ ಅದಕ್ಕೆ ಬೆಲೆ ತುಂಬಿ, ಕೆಳಗಿನ ಸಾಲಿನಲ್ಲಿ ಲಾಗ್ ಮಾಡುತ್ತೀರಿ. ಅನ್‌ಡಿಫೈನ್ಡ್ ಬರುತ್ತದೆ. 'ಒಳಗೆ ತುಂಬಿದ್ದು ಹೊರಗೆ ಬರುತ್ತಿಲ್ಲ, ಸ್ಕೋಪ್ ಸರಿಯಿಲ್ಲ' ಎಂದು ಜನ ಗಂಟೆಗಟ್ಟಲೆ ಲೆಟ್‌ಗಳನ್ನು ಆಚೀಚೆ ಮಾಡುತ್ತಾರೆ. ಸ್ಕೋಪ್ ಸರಿಯಾಗಿಯೇ ಇದೆ. ಸರ್ವರ್ ಉತ್ತರ ಕೊಡುವ ಮೊದಲೇ ಕೆಳಗಿನ ಸಾಲು ರನ್ ಆಗಿಬಿಟ್ಟಿದೆ, ಅಷ್ಟೇ. ಅಲ್ಲಿ ಬೇಕಾದ್ದು ಅವೇಟ್, ಅಂದರೆ ಉತ್ತರ ಬರುವ ತನಕ ಕಾಯಿಸುವ ಪದ. ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭ. ಹೆಸರೇ ಸಿಗದಿದ್ದರೆ ಸ್ಕೋಪ್ ನೋಡಿ. ಹೆಸರು ಸಿಕ್ಕಿ ಬೆಲೆ ಇನ್ನೂ ಬಂದಿರದಿದ್ದರೆ ಯಾವ ಸಾಲು ಮೊದಲು ರನ್ ಆಯಿತು ಎಂದು ನೋಡಿ.

ಸ್ಕೋಪನ್ನು ಕಣ್ಣಾರೆ ನೋಡುವ ದಾರಿಯೂ ಇದೆ, ಇದನ್ನು ಯಾಕೆ ಮೊದಲ ದಿನವೇ ಕಲಿಸುವುದಿಲ್ಲ ಎಂದು ನನಗೆ ಬೇಸರ. ಫಂಕ್ಷನ್ ಒಳಗೆ, ನಿಮಗೆ ಅನುಮಾನ ಇರುವ ಸಾಲಿನ ಮೇಲೆ 'ಡಿಬಗ್ಗರ್' ಎಂದು ಒಂದು ಸಾಲು ಬರೆಯಿರಿ. ಕ್ರೋಮ್‌ನಲ್ಲಿ ಎಫ್12 ಒತ್ತಿ ಡೆವ್‌ಟೂಲ್ಸ್ ತೆರೆದಿಟ್ಟು ಪುಟ ರನ್ ಮಾಡಿ. ಕೋಡ್ ಆ ಸಾಲಿಗೆ ಬಂದು ನಿಲ್ಲುತ್ತದೆ. ಸೋರ್ಸಸ್ ಭಾಗದಲ್ಲಿ ಸ್ಕೋಪ್ ಎಂಬ ಪಟ್ಟಿ ಕಾಣುತ್ತದೆ. ಅದರಲ್ಲಿ ಬ್ಲಾಕ್, ಲೋಕಲ್, ಕ್ಲೋಷರ್, ಸ್ಕ್ರಿಪ್ಟ್, ಗ್ಲೋಬಲ್ ಎಂದು ಒಂದರ ಕೆಳಗೊಂದು ಇರುತ್ತವೆ, ಯಾವುದು ಆ ಜಾಗಕ್ಕೆ ಅನ್ವಯಿಸುತ್ತದೋ ಅದು. ಹುಡುಕಾಟ ನಡೆಯುವ ಕ್ರಮವೂ ಅದೇ. ನಿಮ್ಮ ಮೊದಲ ತುಣುಕಿನ ಲೂಪ್ ಒಳಗೆ ನಿಲ್ಲಿಸಿ ನೋಡಿದರೆ ಲೋಕಲ್‌ನಲ್ಲಿ ಒಂದು ಒಟ್ಟು, ಸ್ಕ್ರಿಪ್ಟ್‌ನಲ್ಲಿ ಇನ್ನೊಂದು ಒಟ್ಟು ಎರಡೂ ಕಾಣುತ್ತವೆ. ಒಂದು ಏರುತ್ತಿರುತ್ತದೆ, ಇನ್ನೊಂದು ಸೊನ್ನೆಯಲ್ಲೇ ಇರುತ್ತದೆ. ಪ್ರಯೋಗಗಳನ್ನು ಮಾತ್ರ ಫೈಲ್‌ನಲ್ಲೇ ಮಾಡಿ. ಕ್ರೋಮ್‌ನ ಕನ್ಸೋಲ್ ಒಂದೇ ಹೆಸರಿಗೆ ಮತ್ತೆ ಮತ್ತೆ ಲೆಟ್ ಬರೆಯಲು ಬಿಡುತ್ತದೆ, ಫೈಲ್‌ನಲ್ಲಿ ಅದು ದೋಷ. ಅಲ್ಲಿ ಕಲಿತದ್ದು ಇಲ್ಲಿ ನಡೆಯುವುದಿಲ್ಲ.

ಚಿಕ್ಕವು ಎರಡು. ಸ್ವಿಚ್ ಒಳಗಿನ ಎಲ್ಲ ಕೇಸ್‌ಗಳಿಗೂ ಸೇರಿ ಬ್ಲಾಕ್ ಒಂದೇ. ಎರಡು ಕೇಸ್‌ಗಳಲ್ಲಿ ಒಂದೇ ಹೆಸರಿಗೆ ಲೆಟ್ ಬರೆದರೆ ದೋಷ ಬರುತ್ತದೆ, ಪ್ರತಿ ಕೇಸ್‌ಗೂ ಕರ್ಲಿ ಬ್ರಾಕೆಟ್ ಹಾಕಿಕೊಳ್ಳಿ. ಮತ್ತೆ, ಕಾನ್ಸ್ಟ್ ಎಂದಿಟ್ಟ ಪಟ್ಟಿಗೆ ಪುಷ್ ಮಾಡಿ ಸಾಮಾನು ಸೇರಿಸಬಹುದು. ಆ ಹೆಸರಿಗೆ ಬೇರೆ ಪಟ್ಟಿಯನ್ನು ಕೊಡಲು ಮಾತ್ರ ಆಗುವುದಿಲ್ಲ.

ಕೊನೆಯ ಪ್ರಶ್ನೆ: ವಾರ್‌ಗಳನ್ನೆಲ್ಲ ಲೆಟ್ ಮಾಡಿಬಿಡಲೇ? ಹೊಸ ಕೋಡ್‌ನಲ್ಲಿ ವಾರ್ ಬರೆಯಲೇಬೇಡಿ. ಮೊದಲು ಕಾನ್ಸ್ಟ್ ಬರೆಯಿರಿ, ಬೆಲೆ ಬದಲಿಸಬೇಕಾಗಿ ಬಂದರೆ ಮಾತ್ರ ಲೆಟ್ ಮಾಡಿ. ಹಳೆಯ ಕೋಡ್‌ನಲ್ಲಿ 'ಫೈಂಡ್ ಆ್ಯಂಡ್ ರಿಪ್ಲೇಸ್' ಒತ್ತಿ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಮೂರು ಕಡೆ ಅದು ಒಡೆಯುತ್ತದೆ. ಇಫ್ ಅಥವಾ ಫಾರ್ ಒಳಗೆ ವಾರ್ ಮಾಡಿ ಅದರ ಹೊರಗೆ ಬಳಸಿರುವ ಕಡೆ ನಾಟ್ ಡಿಫೈನ್ಡ್ ಬರುತ್ತದೆ. ಒಂದೇ ಫಂಕ್ಷನ್‌ನಲ್ಲಿ ಒಂದೇ ಹೆಸರಿಗೆ ಎರಡು ಸಲ ವಾರ್ ಬರೆದಿರುವ ಕಡೆ, ಎರಡೂ ಒಂದೇ ಬ್ಲಾಕ್‌ನಲ್ಲಿದ್ದರೆ, ಆಲ್ರೆಡಿ ಡಿಕ್ಲೇರ್ಡ್ ಬರುತ್ತದೆ. ಬೇರೆ ಫೈಲ್ ಯಾವುದಾದರೂ 'ವಿಂಡೋ ಡಾಟ್' ಎಂದು ಆ ಹೆಸರನ್ನು ಓದುತ್ತಿದ್ದರೆ ಅದಕ್ಕೆ ಅನ್‌ಡಿಫೈನ್ಡ್ ಸಿಗುತ್ತದೆ, ಏಕೆಂದರೆ ಲೆಟ್ ವಿಂಡೋಗೆ ಅಂಟುವುದಿಲ್ಲ. ಒಂದು ಫಂಕ್ಷನ್ ತೆಗೆದುಕೊಳ್ಳಿ, ಅದರ ವಾರ್‌ಗಳನ್ನು ಬದಲಿಸಿ, ಸಾವಿರ ದಾಟಿದ ಒಂದು ಬಿಲ್, ದಾಟದ ಒಂದು ಬಿಲ್ ಮಾಡಿ ನೋಡಿ, ಸರಿ ಬಂದರೆ ಮುಂದಿನ ಫಂಕ್ಷನ್‌ಗೆ ಹೋಗಿ. ಲೂಪ್ ಇರುವ ಫಂಕ್ಷನ್‌ಗಳಿಂದ ಶುರು ಮಾಡಿ. ನಿಮ್ಮ ಬಟನ್‌ಗಳು ಇರುವುದು ಅಲ್ಲೇ.